ಸಣ್ಣ ಗುಂಡಿಗೆ ಕಟಕಟ, ಹಂಪಿನ ಮೇಲೆ ಸದ್ದೇ ಇಲ್ಲ: ಎಲ್ಲಿ ಹುಡುಕುವುದು?

ಐದನೇ ಗೇರ್

ಎಲ್ಲರಿಗೂ ನಮಸ್ಕಾರ. ಕಾರಿನ ಒಂದು ಸದ್ದು ತಲೆ ತಿನ್ನುತ್ತಿದೆ.

ಮುಂದೆ ಎಡಗಡೆ, ಡ್ಯಾಶ್‌ಬೋರ್ಡಿನ ಕೆಳಗೆ ಎಲ್ಲೋ ಕಟಕಟ ಅನ್ನುತ್ತದೆ. ರಸ್ತೆ ನುಣ್ಣಗಿದ್ದರೆ ಇಲ್ಲ. ಕಿತ್ತುಹೋದ ಡಾಂಬರು, ಸಣ್ಣ ತಗ್ಗು, ಜಲ್ಲಿ ಸಿಕ್ಕಿದರೆ ಶುರು. 20ರಿಂದ 40 ಕಿ.ಮೀ. ವೇಗದಲ್ಲಿ ಚೆನ್ನಾಗಿ ಕೇಳಿಸುತ್ತದೆ. ಅದಕ್ಕಿಂತ ಜಾಸ್ತಿ ಹೋದರೆ ಗಾಳಿ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ವಿಚಿತ್ರ ಏನೆಂದರೆ ದೊಡ್ಡ ಹಂಪ್ ಹತ್ತಿ ಇಳಿದರೂ ಒಂದು ಚೂರು ಸದ್ದಿಲ್ಲ!

ಗ್ಯಾರೇಜಿನಲ್ಲಿ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದರು. ಮುಂದಿನ ಎರಡೂ ಹೊಸದು ಹಾಕಿಸಿದ್ದಾಯಿತು. ಸದ್ದು ಮಾತ್ರ ಹಾಗೇ ಇದೆ. ಈಗ ಸ್ಟಿಯರಿಂಗ್ ರ‍್ಯಾಕ್ ಬಿಚ್ಚಬೇಕು ಅನ್ನುತ್ತಿದ್ದಾರೆ, ಅಂದರೆ ಸ್ಟಿಯರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಭಾಗ. ಬಿಚ್ಚಿಸಲೋ ಬೇಡವೋ? ಪೆಟ್ರೋಲ್ ಕಾರು, ಮ್ಯಾನ್ಯುವಲ್ ಗೇರ್, ಫ್ರಂಟ್ ವ್ಹೀಲ್ ಡ್ರೈವ್.

ಗ್ರೀಸ್ ಕೈ

ರ‍್ಯಾಕ್‌ಗೆ ಈಗಲೇ ಕೈ ಹಾಕಿಸಬೇಡಿ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಕಿವಿ ಹೇಳುವುದನ್ನು ಕಾರಿನಲ್ಲಿ ನಂಬುವ ಹಾಗಿಲ್ಲ. ಚಕ್ರದ ಹತ್ತಿರ ಹುಟ್ಟಿದ ಸದ್ದು ಬಾಡಿಯ ತಗಡಿನಲ್ಲಿ ಓಡಿಕೊಂಡು ಬಂದು ಡ್ಯಾಶ್‌ಬೋರ್ಡಿನಲ್ಲಿ ಮಾತಾಡುತ್ತದೆ. ಹಿಂದಿನ ಚಕ್ರದ ಬೇರಿಂಗ್ ಸದ್ದನ್ನು ಮುಂದಿನದು ಅಂದುಕೊಂಡು ಮುಂದಿನ ಎರಡೂ ಬೇರಿಂಗ್ ಬದಲಾಯಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಆದ್ದರಿಂದ "ಎಲ್ಲಿ" ಅನ್ನುವುದನ್ನು ಸದ್ಯ ಪಕ್ಕಕ್ಕಿಡಿ. "ಯಾವಾಗ" ಅನ್ನುವುದನ್ನು ಬರೆಯಿರಿ. ಬ್ರೇಕ್ ಒತ್ತಿದಾಗ? ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ? ರಿವರ್ಸಿನಲ್ಲಿ? ಎಂಜಿನ್ ತಣ್ಣಗಿದ್ದಾಗಲೂ ಬಿಸಿಯಾದ ಮೇಲೂ ಒಂದೇ ಥರವಾ? ಜನ ತುಂಬಿದಾಗ ಕಡಿಮೆಯಾಗುತ್ತದಾ? ಶಾಕ್ ಹಾಕಿಸುವ ಮೊದಲು ಯಾರಾದರೂ ಇದನ್ನು ಕೇಳಿದ್ದರೆ ದುಡ್ಡು ಉಳಿಯುತ್ತಿತ್ತು ಬಿಡಿ.

ನಿಧಾನವೇ ಪ್ರಧಾನ

ಅದಕ್ಕೂ ಮೊದಲು ಕಾರು ಖಾಲಿ ಮಾಡಿ ಸರ್. ತಮಾಷೆ ಅಲ್ಲ. ಗ್ಲವ್ ಬಾಕ್ಸು, ಬಾಗಿಲಿನ ಜೇಬು, ಸೀಟಿನ ಅಡಿ, ಕನ್ನಡಕ ಇಡುವ ಡಬ್ಬಿ, ಎಲ್ಲ ಖಾಲಿ. ಡಿಕ್ಕಿಯಲ್ಲಿ ಜಾಕಿ, ಸ್ಟೆಪ್ನಿ ಬಿಗಿಯಾಗಿ ಕೂತಿವೆಯಾ ನೋಡಿ. ಯಾರೂ ಕೂರದ ಸೀಟಿನ ಬೆಲ್ಟ್ ಬಕಲ್ ಪ್ಲಾಸ್ಟಿಕ್ಕಿಗೆ ಬಡಿಯುತ್ತಿರುತ್ತದೆ. ಅದನ್ನೂ ಸಿಕ್ಕಿಸಿ. ಬಾನೆಟ್ ತೆಗೆದು ಬ್ಯಾಟರಿ ಕ್ಲ್ಯಾಂಪ್ ಅಲ್ಲಾಡಿಸಿ. ಒಂದು ಪೈಸೆ ಖರ್ಚಿಲ್ಲ.

ಐದನೇ ಗೇರ್

ಖಾಲಿ ಮಾಡಿದೆ. ಸೀಟಿನ ಅಡಿ ಕಳೆದುಹೋಗಿದ್ದ ಒಂದು ಪೆನ್ನು, ಎರಡು ಬಾಟಲಿ ಮುಚ್ಚಳ ಸಿಕ್ಕಿದವು. ಬ್ಯಾಟರಿ ಗಟ್ಟಿ ಇದೆ. ಸದ್ದು ಹಾಗೇ.

ಗ್ರೀಸ್ ಕೈ ಅವರ ಪ್ರಶ್ನೆಗೆ ಉತ್ತರ: ತಣ್ಣಗಿದ್ದರೂ ಬಿಸಿಯಿದ್ದರೂ ಒಂದೇ. ಸ್ಟಿಯರಿಂಗ್ ತಿರುಗಿಸಿದರೆ ಸದ್ದಿಲ್ಲ. ಎಷ್ಟು ಜನ ಕೂತರೂ ವ್ಯತ್ಯಾಸ ಗೊತ್ತಾಗಲಿಲ್ಲ. ನಿಂತಲ್ಲೇ ಎಂಜಿನ್ ರೈಸ್ ಮಾಡಿದರೆ ಏನೂ ಇಲ್ಲ. ಬ್ರೇಕ್ ಹಾಕಿ ನಿಲ್ಲಿಸುವಾಗಲೂ ಏನೂ ಕೇಳಿಸುವುದಿಲ್ಲ.

ಕಪ್ಪು ಟೈರ್

ಎಂಜಿನ್ ಕಡೆಯದಲ್ಲ ಅನ್ನುವುದು ಗೊತ್ತಾಯಿತಲ್ಲ, ಅರ್ಧ ಕೆಲಸ ಮುಗಿಯಿತು. ಇದೇ ಥರ ಹುಡುಕುತ್ತಿರುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಸ್ವಲ್ಪ ಲೆಕ್ಕ ಹೇಳುತ್ತೇನೆ.

185/65 ಆರ್15 ಟೈರ್ ತೆಗೆದುಕೊಳ್ಳಿ. ಅದರ ಸುತ್ತಳತೆ ಸುಮಾರು 1.95 ಮೀಟರ್. 20 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಐದೂವರೆ ಮೀಟರ್ ಹೋಗುತ್ತದೆ. ಅಂದರೆ ಚಕ್ರ ಸೆಕೆಂಡಿಗೆ ಹತ್ತಿರ ಹತ್ತಿರ 3 ಸುತ್ತು. 60ರಲ್ಲಿ ಎಂಟೂವರೆ ಸುತ್ತು. ನಿಮ್ಮ ಟಕ್ ಟಕ್ 20ರಲ್ಲಿ ಸೆಕೆಂಡಿಗೆ ಮೂರು ಸಲ ಬರುತ್ತಿದ್ದರೆ ಚಕ್ರದ ಜೊತೆಗೇ ತಿರುಗುವ ಯಾವುದೋ ಒಂದು ಜಾಗ ಬಡಿಯುತ್ತಿದೆ. ಟೈರಿನ ಗೀರಿನಲ್ಲಿ ಸಿಕ್ಕಿಕೊಂಡ ಕಲ್ಲು, ಚುಚ್ಚಿದ ಮೊಳೆ, ಬಿಟ್ಟುಕೊಂಡ ವ್ಹೀಲ್ ಕವರ್, ಟೈರಿನ ಉಬ್ಬು, ಇಂಥವು.

ಎಂಜಿನ್ ಇದಕ್ಕಿಂತ ತುಂಬಾ ಜೋರು. 3000 ಆರ್‌ಪಿಎಂ ಅಂದರೆ ನಿಮಿಷಕ್ಕೆ 3000 ಸುತ್ತು, ಸೆಕೆಂಡಿಗೆ 50. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಸಲ ಫೈರಿಂಗ್, ಹಾಗಾಗಿ ಸೆಕೆಂಡಿಗೆ 100. ಅಷ್ಟನ್ನು ಕಿವಿ ಎಣಿಸುವುದಿಲ್ಲ, ಗುಂಯ್ ಅಂತ ಒಂದೇ ಸ್ವರವಾಗಿ ಕೇಳಿಸುತ್ತದೆ. ಎಣಿಸಲು ಬರುವ ಸದ್ದಾದರೆ ಬಹುಮಟ್ಟಿಗೆ ಚಕ್ರದ ಕಡೆಯದು.

ಐದನೇ ಗೇರ್ ಅವರ ಸದ್ದಿಗೆ ಲಯವೇ ಇಲ್ಲ. ರಸ್ತೆ ಕುಲುಕಿದಾಗ ಮಾತ್ರ ಬರುತ್ತದೆ. ಸಡಿಲವಾದದ್ದು ಏನೋ ಇದೆ.

ಹಳೇ ಸ್ಪ್ಯಾನರ್

ಇದು ಸ್ಟೆಬಿಲೈಸರ್ ಲಿಂಕ್ ರಾಡ್. ಓದಿದ ಕೂಡಲೇ ಗೊತ್ತಾಯಿತು.

ಎಡ, ಬಲ ಚಕ್ರಗಳ ಸಸ್ಪೆನ್ಷನ್ನನ್ನು ಒಂದು ಅಡ್ಡ ಕಂಬಿ ಜೋಡಿಸಿರುತ್ತದೆ. ತಿರುವಿನಲ್ಲಿ ಕಾರು ವಾಲದಿರಲಿ ಅಂತ. ಅದರ ಎರಡೂ ತುದಿಯಲ್ಲಿ ಸಣ್ಣ ಲಿಂಕ್ ಇರುತ್ತದೆ. ಅದರ ಗುಂಡು ಸವೆದರೆ ಕಟಕಟ. ಹಂಪಿನ ಮೇಲೆ ಎರಡೂ ಚಕ್ರ ಒಟ್ಟಿಗೆ ಏಳುತ್ತವೆ, ಕಂಬಿ ತಿರುಚಿಕೊಳ್ಳುವುದಿಲ್ಲ, ಲಿಂಕಿನ ಮೇಲೆ ಭಾರ ಬೀಳುವುದಿಲ್ಲ. ಅದಕ್ಕೇ ಸದ್ದಿಲ್ಲ. ಸಣ್ಣ ಗುಂಡಿಯಲ್ಲಿ ಒಂದೇ ಚಕ್ರ ಇಳಿಯುತ್ತದೆ, ಆಗ ಬಡಿಯುತ್ತದೆ. ನೀವು ಹೇಳಿದ್ದಕ್ಕೆ ಅಳೆದಿಟ್ಟ ಹಾಗೆ ಕೂರುತ್ತದೆ ನೋಡಿ.

ಗ್ರೀಸ್ ಕೈ

ಮೊದಲು ಅದನ್ನೇ ನೋಡಬೇಕು, ನಿಜ. ಆದರೆ ಸುಮ್ನೆ ಬದಲಾಯಿಸಬೇಡಿ, ಪರೀಕ್ಷೆ ಮಾಡಿ. ಎರಡೂ ಚಕ್ರ ಸಮ ನೆಲದ ಮೇಲಿರಲಿ. ಕಾರು ಹ್ಯಾಂಡ್ ಬ್ರೇಕಿನಲ್ಲಿ, ಎಂಜಿನ್ ಆಫ್. ಸ್ಟಿಯರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದೆ ಕೈ ಹೋಗುತ್ತದೆ. ಲಿಂಕ್ ಹಿಡಿದು ಜೋರಾಗಿ ಮೇಲೆ ಕೆಳಗೆ ಅಲ್ಲಾಡಿಸಿ. ಒಂದೇ ಚಕ್ರ ಜಾಕಿಯ ಮೇಲಿದ್ದರೆ ಕಂಬಿ ತಿರುಚಿಕೊಂಡು ಲಿಂಕನ್ನು ಬಿಗಿ ಹಿಡಿಯುತ್ತದೆ. ಆಗ ಸವೆದ ಲಿಂಕೂ ಗಟ್ಟಿ ಅನ್ನಿಸುತ್ತದೆ.

ಎಲ್ಲರಿಗೂ ಒಂದು ಮಾತು. ಜಾಕಿ ಚಕ್ರ ಬಿಚ್ಚುವುದಕ್ಕೆ ಮಾತ್ರ. ಬರೀ ಜಾಕಿಯನ್ನು ನಂಬಿ ಕಾರಿನ ಅಡಿ ತಲೆ ಹಾಕಬೇಡಿ. ಕಾರನ್ನು ಹೊತ್ತು ನಿಲ್ಲಿಸುವ ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿಗೇ ಹೋಗಿ.

ಹಿಂದಿನ ಸೀಟು

ಮಧ್ಯೆ ಬಂದಿದ್ದಕ್ಕೆ ಕ್ಷಮೆ ಇರಲಿ. ನಮ್ಮ ಕಾರಿನದು ಬೇರೆ ಥರ. 50 ದಾಟಿದ ಮೇಲೆ ಗುಂಯ್ ಅಂತ ಶುರುವಾಗಿ ವೇಗದ ಜೊತೆ ಏರುತ್ತದೆ. ಎಂಜಿನ್ನೋ ಚಕ್ರವೋ ಗೊತ್ತಾಗುತ್ತಿಲ್ಲ. ಗೆಳೆಯರೊಬ್ಬರು, ಓಡುವಾಗ ಕೀ ಆಫ್ ಮಾಡಿ ನೋಡು, ಸದ್ದು ಉಳಿದರೆ ಚಕ್ರದ್ದು ಅಂದರು. ಮಾಡಬಹುದಾ?

ಗ್ರೀಸ್ ಕೈ

ಖಂಡಿತಾ ಬೇಡ! ಎಂಜಿನ್ ನಿಂತರೆ ಪವರ್ ಸ್ಟಿಯರಿಂಗ್ ಹೋಗುತ್ತದೆ. ಬ್ರೇಕ್ ಹಗುರ ಮಾಡುವ ಬೂಸ್ಟರ್ ಒಂದೆರಡು ಸಲ ಒತ್ತುವಷ್ಟರಲ್ಲಿ ಖಾಲಿ. ಕೀ ಇನ್ನೂ ಹಿಂದೆ ಹೋದರೆ ಸ್ಟಿಯರಿಂಗ್ ಲಾಕ್ ಆಗುವ ಕಾರುಗಳೂ ಇವೆ. ಆ ಗೆಳೆಯರಿಗೂ ಹೇಳಿ.

ಎಂಜಿನ್ ಓಡುತ್ತಲೇ ಇರಲಿ. ಹಿಂದೆ ಮುಂದೆ ವಾಹನ ಇಲ್ಲದ ನೇರ ರಸ್ತೆಯಲ್ಲಿ, ಸದ್ದು ಬರುವ ವೇಗಕ್ಕೆ ಹೋಗಿ ಕ್ಲಚ್ ಒತ್ತಿ. ಆರ್‌ಪಿಎಂ ಬೀಳುತ್ತದೆ, ಕಾರು ಅದೇ ವೇಗದಲ್ಲಿ ತೇಲುತ್ತದೆ. ಸದ್ದೂ ಬಿದ್ದರೆ ಎಂಜಿನ್ ಕಡೆ. ಸದ್ದು ಕಾರಿನ ವೇಗದ ಜೊತೆಗೇ ನಿಧಾನವಾಗಿ ಇಳಿದರೆ ಚಕ್ರ, ಟೈರ್, ಬೇರಿಂಗ್. ಇದರ ಉಲ್ಟಾವನ್ನೂ ಮಾಡಬಹುದು. ಅದೇ ವೇಗದಲ್ಲಿ ಒಂದು ಗೇರ್ ಬದಲಾಯಿಸಿ. ವೇಗ ಒಂದೇ, ಆರ್‌ಪಿಎಂ ಬೇರೆ. ಸದ್ದಿನ ಸ್ವರ ಬದಲಾಗದಿದ್ದರೆ ಎಂಜಿನ್ನಿಗೂ ಅದಕ್ಕೂ ಸಂಬಂಧ ಇಲ್ಲ.

ಹಿಂದಿನ ಸೀಟು

ಕ್ಲಚ್ ಒತ್ತಿದರೂ ಗುಂಯ್ ಹಾಗೇ ಇದೆ. ಹಾಗಾದರೆ ಬೇರಿಂಗಾ?

ಕಪ್ಪು ಟೈರ್

ಬೇರಿಂಗ್ ಇರಬಹುದು, ಟೈರೂ ಇರಬಹುದು. ಈ ಎರಡೂ ಒಂದೇ ಥರ ಕೂಗುತ್ತವೆ, ಜನ ಏಮಾರುವುದು ಇಲ್ಲೇ.

ರಸ್ತೆ ಬದಲಾದಾಗ ಗಮನಿಸಿ. ಒರಟು ಕಾಂಕ್ರೀಟಿನಿಂದ ಹೊಸ ಡಾಂಬರಿಗೆ ಬಂದ ಕೂಡಲೇ ಸದ್ದಿನ ಬಣ್ಣವೇ ಬೇರೆಯಾದರೆ ಟೈರ್ ಕಡೆ ವಾಲಿ. ಬೇರಿಂಗಿಗೆ ರಸ್ತೆ ಯಾವುದಾದರೂ ಒಂದೇ. ಆಮೇಲೆ ಅಗಲವಾದ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಎಡಕ್ಕೆ, ಬಲಕ್ಕೆ ತೂಗಿ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ. ಬಲಕ್ಕೆ ತಿರುಗಿದಾಗ ಏರಿದರೆ ಎಡಗಡೆಯದು.

ಹಳೇ ಸ್ಪ್ಯಾನರ್

ಆ ಎಡ ಬಲದ ಲೆಕ್ಕ ಯಾವಾಗಲೂ ನಡೆಯುವುದಿಲ್ಲ ಸ್ವಾಮಿ. ಈಗಿನ ಬೇರಿಂಗಿನಲ್ಲಿ ಎರಡು ಸಾಲು ಗುಂಡು. ಯಾವ ಸಾಲು ಕೆಟ್ಟಿದೆ ಅನ್ನುವುದರ ಮೇಲೆ ಉಲ್ಟಾ ಉತ್ತರವೂ ಬರುತ್ತದೆ. ನಾನು ಮಾಡುವುದು ಹೀಗೆ. ಆ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಒಂದು ಕೈಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸುತ್ತೇನೆ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಉಳಿದ ಚಕ್ರಗಳಿಗೆ ಕಲ್ಲು. ಬೇರಿಂಗ್ ಕೆಟ್ಟಿದ್ದರೆ ಸ್ಪ್ರಿಂಗ್ ಜುಂ ಅನ್ನುವುದು ಅಂಗೈಗೆ ಗೊತ್ತಾಗುತ್ತದೆ. ಕಿವಿಗೆ ಕೇಳಿಸದ ಸವೆತವೂ ಗೊತ್ತಾಗುತ್ತದೆ.

ಕಪ್ಪು ಟೈರ್

ಒಪ್ಪಿದೆ. ಸ್ಪ್ರಿಂಗ್ ಪರೀಕ್ಷೆ ನನ್ನದಕ್ಕಿಂತ ಮೇಲು.

ಐದನೇ ಗೇರ್

ವಾಪಸ್ ಬಂದೆ. ಲಿಂಕ್ ರಾಡ್ ಎರಡೂ ಕಡೆ ಹಿಡಿದು ಅಲ್ಲಾಡಿಸಿದೆ. ಕಲ್ಲಿನ ಹಾಗೆ ಗಟ್ಟಿ. ಅನುಮಾನ ಹೋಗಲಿಲ್ಲ, ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಲಿಫ್ಟಿನ ಮೇಲೆ ಹಾಕಿ ನೋಡಿಸಿದೆ. ಲೋವರ್ ಆರ್ಮ್ ಬುಷ್ (ಕೀಲಿನ ರಬ್ಬರ್) ಸರಿ ಇದೆ, ಬಾಲ್ ಜಾಯಿಂಟ್ ಸರಿ ಇದೆ, ಟೈ ರಾಡ್ ಸರಿ ಇದೆ. ಸೈಲೆನ್ಸರ್ ಮೇಲಿನ ಶಾಖ ತಡೆಯುವ ತಗಡೂ ಬಿಗಿ ಇದೆ. ಈಗೇನು?

ಹಳೇ ಸ್ಪ್ಯಾನರ್

ಲಿಂಕ್ ಅಲ್ಲದಿದ್ದರೆ ಸ್ಟೆಬಿಲೈಸರ್ ಕಂಬಿಯ ಮಧ್ಯದ ಬುಷ್. ಹೊಸ ಶಾಕ್ ಹಾಕುವಾಗ ಮೇಲಿನ ಮೌಂಟ್ ನಟ್ ಸರಿಯಾಗಿ ಬಿಗಿ ಮಾಡಿದ್ದಾರಾ ಅದನ್ನೂ ನೋಡಿಸಿ.

ರಾತ್ರಿ ಪಾಳಿ

ಶುರುವಿನಿಂದ ಓದುತ್ತಾ ಬಂದೆ. ಒಂದು ಪ್ರಶ್ನೆ ಸರ್. ಹಂಪ್ ಹತ್ತುವಾಗ ನಿಮ್ಮ ಕಾಲು ಎಲ್ಲಿರುತ್ತದೆ?

ಐದನೇ ಗೇರ್

ಬ್ರೇಕ್ ಮೇಲೆ. ಎಲ್ಲರ ಹಾಗೆ. ಯಾಕೆ ಮೇಡಂ?

ರಾತ್ರಿ ಪಾಳಿ

ಅದಕ್ಕೇ ಕೇಳಿದ್ದು. ಹಂಪಿನ ಮೇಲೆ ಸದ್ದಿಲ್ಲದ್ದಕ್ಕೆ ಎರಡು ಕಾರಣ ಇರಬಹುದು. ಒಂದು ಹಳೇ ಸ್ಪ್ಯಾನರ್ ಹೇಳಿದ್ದು, ಎರಡೂ ಚಕ್ರ ಒಟ್ಟಿಗೆ ಏಳುವುದು. ಇನ್ನೊಂದು, ಆ ಹೊತ್ತಿಗೆ ನೀವು ಬ್ರೇಕ್ ಒತ್ತಿರುತ್ತೀರಿ. ಎರಡೂ ಹಂಪಿನ ಮೇಲೆ ಒಂದೇ ಉತ್ತರ ಕೊಡುತ್ತವೆ. ಬೇರ್ಪಡಿಸದೆ ಲಿಂಕ್ ಅಂತ ತೀರ್ಮಾನ ಮಾಡಲು ಬರುವುದಿಲ್ಲ.

ಬೇರ್ಪಡಿಸುವುದು ಸುಲಭ. ಕಟಕಟ ಚೆನ್ನಾಗಿ ಬರುವ ರಸ್ತೆಯಲ್ಲಿ 25ರ ವೇಗದಲ್ಲಿ ಹೋಗಿ. ಎಕ್ಸಲರೇಟರ್ ಮೇಲೆ ಕಾಲು ಇದ್ದ ಹಾಗೇ ಬೇಡ, ಅದನ್ನು ಬಿಟ್ಟು ಬ್ರೇಕನ್ನು ಮೆಲ್ಲಗೆ, ಬ್ರೇಕ್ ಲೈಟ್ ಉರಿಯುವುದಕ್ಕಿಂತ ಸ್ವಲ್ಪ ಜಾಸ್ತಿ ಅನ್ನುವಷ್ಟು ಒತ್ತಿ. ಹಿಂದೆ ಯಾರೂ ಇರಬಾರದು. ಸದ್ದು ತಟ್ಟನೆ ನಿಂತು, ಬಿಟ್ಟ ಕೂಡಲೇ ಮತ್ತೆ ಬಂದರೆ ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರ್ ಅಲ್ಲಾಡುತ್ತಿದೆ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವುದು ಪ್ಯಾಡ್, ಆ ಪ್ಯಾಡನ್ನು ಒತ್ತುವ ಹಿಡಿಕೆ ಕ್ಯಾಲಿಪರ್. ಬ್ರೇಕ್ ಒತ್ತಿದರೂ ಬಿಟ್ಟರೂ ಕಟಕಟ ಒಂದೇ ಥರ ಇದ್ದರೆ ಸಸ್ಪೆನ್ಷನ್ ಕಡೆಯೇ ಹುಡುಕಿ.

ಗ್ರೀಸ್ ಕೈ

ಒಳ್ಳೆ ಪ್ರಶ್ನೆ ಕೇಳಿದಿರಿ ಮೇಡಂ. ಇಷ್ಟು ಜನ ಬರೆದಿದ್ದೇವೆ, ಕಾಲಿನ ಕಡೆ ಯಾರೂ ನೋಡಲಿಲ್ಲ.

ಐದನೇ ಗೇರ್

ನಿಂತಿತು!!! ಬ್ರೇಕ್ ಮುಟ್ಟಿದ ತಕ್ಷಣ ನಿಂತಿತು. ಬಿಟ್ಟರೆ ಕಟಕಟ. ಮುಟ್ಟಿದರೆ ಇಲ್ಲ. ಪಕ್ಕದಲ್ಲಿ ತಮ್ಮನನ್ನು ಕೂರಿಸಿಕೊಂಡು ಮಾಡಿದೆ, ಅವನಿಗೂ ಹಾಗೇ ಕೇಳಿಸಿತು.

ರಾತ್ರಿ ಪಾಳಿ

ಸರಿ, ಮುಂದಿನ ಪ್ಯಾಡ್ ಇತ್ತೀಚೆಗೆ ಬದಲಾಯಿಸಿದ್ದೀರಾ? ಎಡಗಡೆ ಚಕ್ರ ಬಿಚ್ಚಿಸಿ ಎರಡು ಜಾಗ ನೋಡಿಸಿ.

ಮೊದಲನೆಯದು, ಪ್ಯಾಡಿನ ಎರಡು ಕಿವಿ ಕೂರುವ ತೋಡಿನಲ್ಲಿ ತೆಳುವಾದ ಸ್ಟೀಲ್ ಕ್ಲಿಪ್ ಇರಬೇಕು. ಪ್ಯಾಡ್ ಸಡಿಲವಾಗಿ ಬಡಿಯದ ಹಾಗೆ ಹಿಡಿಯುವುದೇ ಅದರ ಕೆಲಸ. ಪ್ಯಾಡ್ ಹಾಕುವಾಗ ಹಳೇ ಕ್ಲಿಪ್ ಬಿದ್ದುಹೋದರೆ, ಬಗ್ಗಿದರೆ ಎಷ್ಟೋ ಕಡೆ ಅದಿಲ್ಲದೆ ಮುಚ್ಚಿಬಿಡುತ್ತಾರೆ. ಬ್ರೇಕ್ ಹಿಡಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಎರಡನೆಯದು, ಕ್ಯಾಲಿಪರ್ ಜಾರುವ ಎರಡು ಪಿನ್. ರಬ್ಬರ್ ಮುಚ್ಚಳ ಹರಿದಿದೆಯಾ, ಒಳಗೆ ಗ್ರೀಸ್ ಇದೆಯಾ, ಪಿನ್ ಸವೆದು ಲೊಡಲೊಡ ಅನ್ನುತ್ತಿದೆಯಾ. ಇಲ್ಲಿ ಮಾಮೂಲಿ ಗ್ರೀಸ್ ಹಾಕಿಸಬೇಡಿ. ಬ್ರೇಕಿಗೆಂದೇ ಬರುವ, ಬಿಸಿ ತಡೆಯುವ, ರಬ್ಬರ್ ಉಬ್ಬಿಸದ ಗ್ರೀಸ್ ಬೇಕು. ಪ್ಯಾಡಿನ ಮುಖಕ್ಕಾಗಲಿ ಡಿಸ್ಕಿಗಾಗಲಿ ಒಂದು ಹನಿಯೂ ತಾಗಬಾರದು. ಕ್ಯಾಲಿಪರ್ ಬಿಚ್ಚಿದಾಗ ಅದನ್ನು ಬ್ರೇಕ್ ಪೈಪಿನಲ್ಲಿ ನೇತುಹಾಕದಿರಲಿ, ತಂತಿಯಲ್ಲಿ ಕಟ್ಟಲಿ.

ಡಿಕ್ಕಿ ತುಂಬ ಸಾಮಾನು

ಅಲ್ಲಾ, ಬ್ರೇಕ್ ಸದ್ದು ಅಂದರೆ ಕೀಚ್ ಅನ್ನಬೇಕು ಅಲ್ವಾ? ಕಟಕಟ ಹೇಗೆ?

ಗ್ರೀಸ್ ಕೈ

ಕೀಚ್ ಅನ್ನುವುದು ಬೇರೆ ಕಥೆ. ಕೆಲವು ಪ್ಯಾಡಿಗೆ ಸಣ್ಣ ಲೋಹದ ನಾಲಗೆ ಇರುತ್ತದೆ. ಪ್ಯಾಡ್ ಸವೆದು ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೀಚಲು ಧ್ವನಿ ಬರುತ್ತದೆ, ಬದಲಾಯಿಸು ಅಂತ ಹೇಳುವುದಕ್ಕೆ. ಅದನ್ನೂ ಮೀರಿ ಓಡಿಸಿದರೆ ಗರ್ರ್ ಗರ್ರ್, ಅಂದರೆ ಪ್ಯಾಡ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ. ಆಗ ಕಾರು ಓಡಿಸುವುದೇ ತಪ್ಪು. ಇನ್ನೊಂದು, ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿಕೊಂಡರೆ ಕಿರ್ರ್ ಅಂತ ಹಲ್ಲು ಚುಳ್ ಅನ್ನುವ ಸದ್ದು. ಕೇಳಿದವರು ಕಾರೇ ಹೋಯಿತು ಅಂದುಕೊಳ್ಳುತ್ತಾರೆ. ರಿವರ್ಸಿನಲ್ಲಿ ಸ್ವಲ್ಪ ಹೋದರೆ ಕೆಲವು ಸಲ ಕಲ್ಲು ತಾನೇ ಬಿದ್ದುಹೋಗುತ್ತದೆ.

ಸಡಿಲ ಪ್ಯಾಡ್ ಇವೆರಡೂ ಅಲ್ಲ. ಅದು ತೋಡಿನಲ್ಲಿ ಕುಣಿಯುತ್ತದೆ, ಅಷ್ಟೇ.

ನಿಧಾನವೇ ಪ್ರಧಾನ

ಸದ್ದು ಬಂದರೂ ಓಡಿಸಬಹುದಾ, ನಿಲ್ಲಿಸಬೇಕಾ ಅನ್ನುವುದನ್ನೂ ಯಾರಾದರೂ ಬರೆಯಿರಿ. ಹೊಸಬರು ಓದುತ್ತಿರುತ್ತಾರೆ.

ಹಳೇ ಸ್ಪ್ಯಾನರ್

ತಕ್ಷಣ ನಿಲ್ಲಿಸಬೇಕಾದ್ದು ನನ್ನ ಲೆಕ್ಕದಲ್ಲಿ ಇವು. ಟೈರ್ ಬಿಚ್ಚಿ ಹಾಕಿದ ಮೇಲೆ ಹೊಸದಾಗಿ ದಡ್ ದಡ್ ಶುರುವಾಗಿ ಸ್ಟಿಯರಿಂಗ್ ನಡುಗಿದರೆ ವ್ಹೀಲ್ ನಟ್ ಸಡಿಲ ಇರಬಹುದು. ಮುಂದೆ ಹೋಗಬೇಡಿ, ಇಳಿದು ನೋಡಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್ ಮತ್ತೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಿಸುವುದು ಒಳ್ಳೆಯದು. ಎಷ್ಟು ಬಿಗಿ ಅನ್ನುವುದು ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಆಮೇಲೆ ಬ್ರೇಕ್ ಒತ್ತಿದಾಗ ಕಬ್ಬಿಣ ಉಜ್ಜುವ ಸದ್ದು. ಆಯಿಲ್ ಲೈಟ್ ಉರಿಯುತ್ತಾ ಎಂಜಿನ್ ಒಳಗೆ ಟಕಟಕ. ಟೈರಿನ ಪಕ್ಕದಲ್ಲಿ ಉಬ್ಬು ಕಂಡರೆ ಅದೂ ಅಷ್ಟೇ.

ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಟಕ್ ಅಂದರೆ ಆ್ಯಕ್ಸಲಿನ ಹೊರಗಿನ ಜಾಯಿಂಟ್. ಚಕ್ರದ ಒಳಮೈ ಮೇಲೆ ಗ್ರೀಸ್ ಸಿಡಿದಿರುತ್ತದೆ, ರಬ್ಬರ್ ಬೂಟ್ ಹರಿದಿರುತ್ತದೆ. ಗ್ಯಾರೇಜಿನ ತನಕ ಹೋಗಬಹುದು, ಆದರೆ ಮುಂದಕ್ಕೆ ಹಾಕಬೇಡಿ.

ರಾತ್ರಿ ಪಾಳಿ

ಉಲ್ಟಾ ಕೂಡ ಇದೆ. ರಿಪೇರಿಯೇ ಬೇಡದ ಸದ್ದುಗಳು. ಕಾರು ಸ್ಟಾರ್ಟ್ ಮಾಡಿ ಹೊರಟ ಸ್ವಲ್ಪ ಹೊತ್ತಿಗೆ ಒಂದು ಸಲ ಗರ್ರ್ ಟಕ್ ಅಂದರೆ ಎಷ್ಟೋ ಕಾರಿನಲ್ಲಿ ಅದು ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಸದ್ದು. ಬ್ರೇಕ್ ಹಾಕಿ ನಿಂತ ಮೇಲೆ ಹಿಂದೆ ಬುಳಕ್ ಅಂದರೆ ಟ್ಯಾಂಕಿನ ಪೆಟ್ರೋಲ್. ಆದರೆ ಮಳೆ ಆದ ಮೇಲೆ ಬಾಗಿಲಿನೊಳಗೆ ಬುಳಕ್ ಅಂದರೆ ನೀರು ನಿಂತಿದೆ, ಬಾಗಿಲಿನ ಕೆಳಗಿನ ತೂತು ಮಣ್ಣು ಕಟ್ಟಿಕೊಂಡಿದೆ.

ಡಿಕ್ಕಿ ತುಂಬ ಸಾಮಾನು

ಸುಂಯ್ ಅನ್ನುವ ಸಿಳ್ಳೆಗೆ ಏನಾದರೂ ಉಪಾಯ ಇದೆಯಾ? 80ರ ಮೇಲೆ ಮಾತ್ರ, ಗಾಳಿ ಅಡ್ಡ ಬೀಸಿದಾಗ ಜಾಸ್ತಿ.

ಕಪ್ಪು ಟೈರ್

ಗಾಳಿ ಸದ್ದೇ. ಪೇಂಟ್ ಮಾಡುವವರು ಬಳಸುವ ಕಾಗದದ ಟೇಪ್ ತನ್ನಿ. ಮೇಲೆ ಕ್ಯಾರಿಯರ್ ಇದ್ದರೆ ಮೊದಲು ಅದನ್ನು ಬಿಚ್ಚಿ ಓಡಿಸಿ. ಹೋಗದಿದ್ದರೆ ಕನ್ನಡಿಯ ಬುಡ, ಮುಂದಿನ ಗಾಜಿನ ಅಂಚು, ಬಾಗಿಲಿನ ಸಂದು, ಒಂದೊಂದಾಗಿ ಟೇಪ್ ಅಂಟಿಸಿ ಓಡಿಸಿ. ಸಿಳ್ಳೆ ನಿಂತಾಗ ಕೊನೆಗೆ ಅಂಟಿಸಿದ ಜಾಗವೇ ಕಳ್ಳ. ಒಂದೇ ಸಲ ಎಲ್ಲ ಕಡೆ ಅಂಟಿಸಿದರೆ ಸದ್ದು ನಿಲ್ಲುತ್ತದೆ, ಆದರೆ ಯಾವುದು ಅಂತ ಗೊತ್ತಾಗುವುದಿಲ್ಲ. ನೀವೇ ಕೂತು ಓಡಿಸುವ ಬಾಗಿಲಿಗೆ ಮಾತ್ರ ಅಂಟಿಸಬೇಡಿ, ಇಳಿಯಬೇಕಾಗುತ್ತದೆ.

ಐದನೇ ಗೇರ್

ಕೆಲಸ ಮುಗಿಸಿಕೊಂಡು ಬಂದೆ. ಎಡಗಡೆ ಮುಂದಿನ ಚಕ್ರ ಬಿಚ್ಚಿ ಪ್ಯಾಡ್ ಬೆರಳಲ್ಲಿ ತಳ್ಳಿದರೆ ಸಾಕು, ಕಟ್ ಅನ್ನುತ್ತಿತ್ತು. ಒಳಗಿನ ಪ್ಯಾಡಿನ ಕೆಳಗಿನ ಕ್ಲಿಪ್ಪೇ ಇಲ್ಲ! ಮೇಲಿನ ಪಿನ್ನಿನ ರಬ್ಬರ್ ಹರಿದು ಗ್ರೀಸ್ ಒಣಗಿಹೋಗಿದೆ. ಬಲಗಡೆ ಎಲ್ಲ ಸರಿ ಇತ್ತು. ಶಾಕ್ ಬದಲಾಯಿಸುವ ಸ್ವಲ್ಪ ಮೊದಲು ಬೇರೆ ಕಡೆ ಪ್ಯಾಡ್ ಹಾಕಿಸಿದ್ದೆ, ಆಗಲೇ ಬಿಟ್ಟಿದ್ದಾರೆ. ಕ್ಲಿಪ್ ಸೆಟ್, ಪಿನ್ ರಬ್ಬರ್ ಎರಡೂ ಕಡೆ ಹೊಸದು ಹಾಕಿಸಿದೆ. ಶಾಕಿಗೆ ಕೊಟ್ಟ ದುಡ್ಡಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಅದೇ ಕೆಟ್ಟ ರಸ್ತೆಯಲ್ಲಿ ಹೋಗಿ ಬಂದೆ, ಕಟಕಟ ಪೂರ್ತಿ ಹೋಯಿತು.

ರಾತ್ರಿ ಪಾಳಿ ಮೇಡಂ, ಗ್ರೀಸ್ ಕೈ ಸರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಒಂದು ಹೊಸ ತೊಂದರೆ. ಕಟಕಟ ಹೋದ ಮೇಲೆ ಹಿಂದಿನಿಂದ ಸಣ್ಣಗೆ ಗುಂಯ್ ಕೇಳಿಸುತ್ತಿದೆ. ಮೊದಲೂ ಇತ್ತೋ ಏನೋ.

ಗ್ರೀಸ್ ಕೈ

ಇದ್ದಿರುತ್ತದೆ. ಜೋರು ಸದ್ದು ಹೋದ ಮೇಲೆ ಸಣ್ಣದು ಮೇಲೆ ಬರುತ್ತದೆ. ಹಿಂದಿನ ಟೈರಿನ ಮೇಲೆ ಅಂಗೈ ಸವರಿ ನೋಡಿ, ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ. ತಂತಿ ಗಿಂತಿ ಚುಚ್ಚಿಕೊಂಡಿದ್ದರೆ ಜೋಪಾನ.

ಐದನೇ ಗೇರ್

ಮುಂದಕ್ಕೆ ಸವರಿದರೆ ನುಣ್ಣಗೆ, ಹಿಂದಕ್ಕೆ ಸವರಿದರೆ ಗರಗಸದ ಹಾಗೆ ತಾಗುತ್ತದೆ.

ಕಪ್ಪು ಟೈರ್

ಮೆಟ್ಟಿಲು ಸವೆತ. ಗಾಳಿ ಒತ್ತಡ ನೋಡಿ, ಚಕ್ರಗಳು ಸರಿಯಾದ ಕೋನದಲ್ಲಿವೆಯಾ ಅಂತ ಅಲೈನ್‌ಮೆಂಟ್ ನೋಡಿಸಿ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣ ಇಲ್ಲದಿದ್ದರೆ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿಸಿ. ಗುಂಯ್ ಕೂಡ ಮುಂದಕ್ಕೆ ಬಂದರೆ ಟೈರೇ, ಬೇರಿಂಗ್ ಮುಟ್ಟಬೇಕಾಗಿಲ್ಲ. ಹಿಂದೆಯೇ ಉಳಿದರೆ ಹಳೇ ಸ್ಪ್ಯಾನರ್ ಹೇಳಿದ ಸ್ಪ್ರಿಂಗ್ ಪರೀಕ್ಷೆ.

ಹಿಂದಿನ ಸೀಟು

ನಾನೂ ಅದನ್ನೇ ಮಾಡಿಸಿದೆ. ಟೈರ್ ಅದಲು ಬದಲು ಮಾಡಿದರೂ ಗುಂಯ್ ಇದ್ದ ಕಡೆಯೇ ಇತ್ತು. ಸ್ಪ್ರಿಂಗ್ ಹಿಡಿದು ತಿರುಗಿಸಿದಾಗ ಹಿಂದಿನ ಬಲಗಡೆಯದು ಜುಂ ಅಂದಿತು. ಆ ಒಂದು ಬೇರಿಂಗ್ ಮಾತ್ರ ಬದಲಾಯಿಸಿದರು, ಈಗ ಸದ್ದಿಲ್ಲ. ಎಡಕ್ಕೆ ತೂಗಿದಾಗ ಸದ್ದು ಕಡಿಮೆಯಾಗುತ್ತಿತ್ತು, ಹಾಗಾಗಿ ಎಡ ಬಲದ ಲೆಕ್ಕ ನಮ್ಮ ಕಾರಿಗೆ ಉಲ್ಟಾ ಹೊಡೆಯಿತು.

ಹಳೇ ಸ್ಪ್ಯಾನರ್

ನಾನು ಹೇಳಲಿಲ್ಲವಾ!

ಐದನೇ ಗೇರ್

ನಂದು ಮುಂದಕ್ಕೆ ಬಂತು. ಟೈರೇ. ಅಲೈನ್‌ಮೆಂಟ್‌ನಲ್ಲಿ ಹಿಂದಿನ ಚಕ್ರದ ಅಳತೆಯೂ ಸ್ವಲ್ಪ ತಪ್ಪಿತ್ತು. ಟೈರಿನ ಗೀರು ಇನ್ನೂ ಚೆನ್ನಾಗಿ ಉಳಿದಿದೆ, ಹಾಗಾಗಿ ಸದ್ಯಕ್ಕೆ ಇದೇ ಸದ್ದಿನಲ್ಲಿ ಓಡಿಸುತ್ತೇನೆ.